ರೆಸಿಸ್ಟೆನ್ಸ್ ಮತ್ತು ನನ್ನ ಹೊಟ್ಟೆಕಿಚ್ಚು

ನಮ್ಮ ಮನೆಯಲ್ಲಿ ಇಂಗ್ಲಿಷ್ ಪದಗಳ ಮೇಲೆ ಯಾರಿಗಾದರೂ ಹಕ್ಕಿದ್ದರೆ ಅದು ನನಗೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ನಮ್ಮವರು ಹುನಗುಂದದಲ್ಲಿ ವಿಜ್ಞಾನ ಕಲಿಸುತ್ತಾರೆ. ಮಗಳು ಮೈಕ್ರೋಬಯಾಲಜಿ ಓದಿ ಬಾಗಲಕೋಟೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಶನಿವಾರ ಸಂಜೆ ಮನೆಗೆ ಬರುತ್ತಾಳೆ. ಬಂದು ಅಪ್ಪನ ಜೊತೆ ಊಟಕ್ಕೆ ಕೂತಳೆಂದರೆ ಮುಗಿಯಿತು, ರೆಸಿಸ್ಟೆನ್ಸ್ ಎಂಬ ಪದ ಅವರಿಬ್ಬರ ನಡುವೆಯೇ ಓಡಾಡುತ್ತದೆ. ಅವಳು ಯಾವ ಔಷಧಕ್ಕೂ ಜಗ್ಗದ ಕ್ರಿಮಿಯ ಸುದ್ದಿ ತೆಗೆಯುತ್ತಾಳೆ. ಇವರು, ತಂತಿ ಕರೆಂಟಿಗೆ ತಡೆ ಒಡ್ಡುವುದರಿಂದಲೇ ಇಸ್ತ್ರಿ ಪೆಟ್ಟಿಗೆ ಕಾಯುವುದು ಎಂದು ತಮ್ಮ ಹಳೇ ಪಾಠ ಶುರುಮಾಡುತ್ತಾರೆ. ಇಬ್ಬರೂ ನಗುತ್ತಾರೆ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತೇನೆ.

ಒಮ್ಮೆ ತಡೆಯಲಾಗದೆ ಬಾಯಿ ಹಾಕಿದೆ. "ಆ ಪದಕ್ಕ ಇನ್ನೂ ಭಾಳ ಅರ್ಥ ಅದಾವ. ಪರದೇಶದವರು ಬಂದು ನಾಡು ಹಿಡದ್ರ ಒಳಗೊಳಗ ಎದುರು ನಿಂತ ಜನರಿಗೂ ಅದ ಹೆಸರು. ಕೈ ಎತ್ತದ, ಹೇಳಿದ್ದು ಕೇಳದ ಸುಮ್ಮ ಕೂತ್ರೂ ಅದ. ಇಷ್ಟ ಯಾಕ, ಕರದಂಟು ನೋಡಿ ಬಾಯಿ ಕಟ್ಟಾಕ ಆಗ್ಲಿಲ್ಲಂದ್ರೂ ಇಂಗ್ಲಿಷಿನಾಗ ಅದ ಪದ ಬರತೈತಿ."

"ಹೂಂ ಅವ್ವಾ, ಇನ್ನೊಂದು ರೊಟ್ಟಿ ಹಾಕು," ಎಂದು ಮಗಳು ಅಪ್ಪನ ಕಡೆ ತಿರುಗಿದಳು. ನಾನು ರೊಟ್ಟಿಯನ್ನು ಅವಳ ತಾಟಿಗೆ ಒಗೆದಂತೆ ಹಾಕಿದೆ.

ಗಂಡನ ಮೇಲೆ ಇಂಥ ಹೊಟ್ಟೆಕಿಚ್ಚು ಬಂದರೆ ಹೇಳಿಕೊಳ್ಳಲು ಜನ ಸಿಗುವುದಿಲ್ಲ. ಅವರೇನು ಬೇರೆ ಹೆಂಗಸಿನ ಜೊತೆ ನಕ್ಕರೇ? ಮಗಳ ಜೊತೆ ನಕ್ಕರು. ಓಣಿಯ ಹೆಂಗಸರಂತೂ, "ಪುಣ್ಯಾ ಮಾಡೀರಿ, ಅಪ್ಪ ಮಗಳು ಎಷ್ಟು ಚಂದ ಮಾತಾಡ್ತಾರ," ಎಂದು ನನಗೇ ಹೇಳಿ ಹೋಗುತ್ತಿದ್ದರು.

ಅವಳನ್ನು ನನ್ನ ಕಡೆಗೆ ಎಳೆದುಕೊಳ್ಳಲು ನನಗಿದ್ದ ದಾರಿ ಒಂದೇ, ತವರು. ಕಮತಗಿಯಲ್ಲಿ ನನ್ನ ತಮ್ಮ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟಿದ್ದಾನೆ, ಇನ್ನೂ ಮದುವೆಯಾಗಿರಲಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಹೊಸದಲ್ಲ. ನನ್ನ ಗಂಡನೇ ನನ್ನ ಅವ್ವನ ತಮ್ಮ. ಇವತ್ತಿಗೂ ನಾನು ಅವರನ್ನು ಮಾಮಾ ಎಂದೇ ಕರೆಯುವುದು. ಮಗಳು ತೊಟ್ಟಿಲಲ್ಲಿದ್ದಾಗಲೇ ಅವ್ವ, "ಇದು ನಮ್ಮ ಮನಿ ಸೊಸಿ," ಎಂದು ಕೆನ್ನೆ ಹಿಂಡಿದ್ದಳು. ಮಗಳು ಕಮತಗಿ ಮನೆ ಸೇರಲಿ, ಅಲ್ಲಿ ನನ್ನ ಮಾತೇ ಮಾತು, ಆಮೇಲೆ ಅಪ್ಪನ ಮುಂದೆ ಎಷ್ಟು ಕ್ರಿಮಿ ಪುರಾಣ ಬಿಚ್ಚುತ್ತಾಳೋ ನೋಡೋಣ ಎಂದು ನನ್ನ ಲೆಕ್ಕ.

ಉಡಿ ತುಂಬಿ ಮದುವೆ ಗಟ್ಟಿ ಮಾಡುವ ಶಾಸ್ತ್ರಕ್ಕೆ ಸೀರೆ ಬೇಕಲ್ಲ. ಇಳಕಲ್ಲಿನಲ್ಲಿದ್ದುಕೊಂಡು ಅಂಗಡಿಯಲ್ಲಿ ತೂಗುಹಾಕಿದ್ದನ್ನು ತಂದರೆ ನಗುತ್ತಾರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿ ನೇಯುವ ಸೀರೆ ಅದು, ನೇಕಾರರಿಗೆ ಮೊದಲೇ ಹೇಳಿ ಮಾಡಿಸಬೇಕು. ಮಗಳಿಗೆ ಫೋನ್ ಮಾಡಿ, "ನಿನಗೊಂದು ಸೀರಿ ಹಾಕಸಾಕತ್ತೇನಿ, ಯಾವ ಬಣ್ಣ?" ಎಂದೆ. "ನಿನಗ ಯಾವುದು ಸೇರತೈತಿ ಅದನ್ನ ಹಾಕಸು," ಎಂದಳು. ಸೀರೆಗೆ ಬೇಡ ಎನ್ನಲಿಲ್ಲವೆಂದರೆ ಮದುವೆಗೂ ಒಪ್ಪಿದಂತೆ ಎಂದು ನಾನು ತಿಳಿದೆ. ತಮ್ಮನ ಮಾತು ಎತ್ತಿದಾಗಲೆಲ್ಲ ಅವಳು ಸುಮ್ಮನಿರುತ್ತಿದ್ದಳು, ಅದನ್ನೂ ನಾಚಿಕೆ ಎಂದುಕೊಂಡೆ. ದಾಳಿಂಬೆ ಬಣ್ಣದ ಸೀರೆ ಬಂತು.

ಒಂದು ಭಾನುವಾರ ಅವ್ವನೂ ತಮ್ಮನೂ ಉಡಿ ತುಂಬಲು ಬಂದರು. ಚಹಾ ಕುಡಿಯುತ್ತ ತಮ್ಮ, "ಹತ್ತಿ ಹುಳ ಈಗ ಯಾವ ಎಣ್ಣಿ ಹೊಡದ್ರೂ ಸಾಯಂಗಿಲ್ಲಕ್ಕಾ, ರೆಸಿಸ್ಟೆನ್ಸ್ ಬಂದೈತಿ," ಎಂದ. ನನಗೆ ಹಿಗ್ಗೋ ಹಿಗ್ಗು. ನಮ್ಮ ಕಡೆಯವನ ಬಾಯಲ್ಲೂ ಆ ಪದ ಬಂತಲ್ಲ ಎಂದು ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಅವ್ವ ಮಣೆ ಹಾಕಿಸಿ, ಅಕ್ಕಿ, ತೆಂಗಿನಕಾಯಿ ಕೈಯಲ್ಲಿ ಹಿಡಿದು, "ಬಾರವಾ, ಉಡಿ ಒಡ್ಡು," ಎಂದಳು. ಮಗಳು ಮಣೆಯ ಮೇಲೆ ಕೂಡಲಿಲ್ಲ. ಚೂಡಿದಾರದ ವೇಲನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

"ನಾ ಒಲ್ಲೆ, ಆಯಿ. ಮಾಮಾ ಭಾಳ ಚೊಲೊ ಮನಷ್ಯಾ. ಮಾಮಾ ಆಗೇ ಇರ್ಲಿ."

ಅಕ್ಕಿ ಹಿಡಿದ ಅವ್ವನ ಕೈ ಹಾಗೇ ನಿಂತಿತು. ಇವರು ಎದ್ದುಬಂದು ಅವ್ವನ ಕೈಯಿಂದ ಕಾಯಿ ಇಸಿದುಕೊಂಡರು. "ಬಿಡಕ್ಕಾ. ಹೋದ ತಿಂಗಳನ ನನಗ ಹೇಳ್ಯಾಳ. ನಾ ನಿಮಗ ಮೊದಲ ಹೇಳಬೇಕಿತ್ತು."

ತಮ್ಮ ಕಪ್ಪು ಕೆಳಗಿಟ್ಟ. "ಆಕಿ ಒಲ್ಲೆ ಅಂದಮ್ಯಾಲ ಮುಗೀತು. ನಡಿಯವ್ವಾ," ಎಂದ. ಅವನ ಮುಖ ಸಪ್ಪಗಾಗಿತ್ತು. ಮಾಡಿಟ್ಟ ಹೋಳಿಗೆ ಉಣ್ಣದೆ ಹೋದರು.

ತವರಿನವರ ಮುಂದೆ ಮಾನ ಹೋಯಿತೆಂದು ನಾನು ಅಳಬೇಕಿತ್ತು. ಆದರೆ ನನ್ನನ್ನು ಸುಟ್ಟದ್ದು 'ಹೋದ ತಿಂಗಳು' ಎಂಬ ಮಾತು. ಹಿತ್ತಲಲ್ಲಿ ಮಗಳನ್ನು ಹಿಡಿದು ನಿಲ್ಲಿಸಿದೆ. "ಅಪ್ಪಗ ಹೇಳಿದಿ. ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ನೀ ಕಮತಗಿ ಮನಿ ಮಗಳಾಗಿ ಕೇಳ್ತಿದ್ದಿ. ನನ್ನ ಅವ್ವ ಆಗಿ ಕೇಳ್ತಿದ್ದಿಲ್ಲ."

ಅವಳನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಸಿಟ್ಟನ್ನೆಲ್ಲ ತಂದು ಗಂಡನ ಮೇಲೆ ಸುರಿದೆ. "ಮಾಮಾ, ನೀವರ ನನಗ ಹೇಳಬೇಕಿತ್ತಿಲ್ಲೋ?"

ಅವರು ಖಾಲಿ ಮಣೆಯನ್ನು ಎತ್ತಿ ಗೋಡೆಗೆ ಆನಿಸಿದರು. ಆಮೇಲೆ, "ನಿನ್ನ ಉಡಿ ತುಂಬಿದಾಗ ನಿನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ," ಎಂದರು. "ಕೇಳಿದ್ರ ಏನಂತಿದ್ದಿ?"

ಅವತ್ತು ಅವ್ವ ಹೇಳುವ ಮೊದಲೇ ನಾನು ಮಣೆಯ ಮೇಲೆ ಕೂತು ಸೆರಗು ಒಡ್ಡಿದ್ದೆ. ಕೇಳುವುದೂ ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ. ಇವಳು ನೋಡಿ, ಹಿರಿಯರ ಎದುರಿಗೆ ನಿಂತು ಒಲ್ಲೆ ಎಂದಳು, ಮನೆಯ ಮಾಳಿಗೆ ಏನೂ ಕುಸಿಯಲಿಲ್ಲ. ಇಷ್ಟು ದಿನ ಗಂಡನ ಮೇಲಿದ್ದ ಹೊಟ್ಟೆಕಿಚ್ಚು ಆ ಹೊತ್ತಿಗೆ ಪೂರ್ತಿ ಮಗಳ ಮೇಲೆ ಹೋಯಿತು. ಹೆತ್ತ ಮಗಳ ಮೇಲೆ.

"ಒಲ್ಲೆ ಅಂತಿದ್ದೆ," ಎಂದೆ.

ಅವರ ಮುಖ ಇಳಿಯಿತು. ಇಳಿಯಲಿ ಎಂದು ಬಿಟ್ಟೆ. ಖರೆ ಹೇಳಬೇಕೆಂದರೆ, ಒಂದು ಸಲ ಒಲ್ಲೆ ಎಂದು, ಎಲ್ಲರೂ ಗಪ್ಪಾದ ಮೇಲೆ, ನಾನು ಅವರನ್ನೇ ಮದುವೆಯಾಗುತ್ತಿದ್ದೆ.