ಬೀಗರಿಗೆ ಹುಮನಾಬಾದಿನ ಸಂಜೆ ತೋರಿಸಿದ್ದು

ಕುಡಿಯದವನು ಕುಡಿಯುವ ಜಾಗಗಳನ್ನು ಕುರಿತು ಬರೆಯಬಾರದೆಂಬ ನಿಯಮವೇನೂ ಇಲ್ಲ. ಹುಮನಾಬಾದಿನ ಸುತ್ತಲ ಸೇಂದಿ ಖಾನೆಗಳನ್ನೂ ಸೆರೆ ಅಂಗಡಿಗಳನ್ನೂ ಆ ಕಾಲದಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅವುಗಳೊಳಗೆ ಹೋಗಿ ಒಂದು ಗುಟುಕನ್ನೂ ನುಂಗದೆ ಹೊರಬಂದವನೂ ಬಹುಶಃ ನಾನೊಬ್ಬನೇ. ಈ ಎರಡನೆಯ ಮಾತನ್ನು ಬಸವಕಲ್ಯಾಣದ ಒಂದು ಮನೆಯವರು ನಂಬಲಿಲ್ಲ. ಅವರಲ್ಲಿ ಈಗ ಬದುಕಿ ಉಳಿದವರು ಯಾರೂ ಇಲ್ಲ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ. ವಯಸ್ಸಾದ ಮೇಲೆ ಎಲ್ಲವನ್ನೂ ಮರೆತುಬಿಡಬೇಕೆಂಬ ಉಪದೇಶ ಕೇಳಿ ಕೇಳಿ ನನಗೆ ದಣಿವಾಗಿದೆ.

ನಾನು ಅಬಕಾರಿ ಇಲಾಖೆಯಲ್ಲಿ ಕಾರಕೂನನಾಗಿದ್ದೆ. ನಿಜಾಮರ ಆಳ್ವಿಕೆ ಹೋದ ಮರುವರ್ಷವೂ ಈಚಲ ಮರಗಳು ನಿಂತಲ್ಲಿಯೇ ನಿಂತಿದ್ದವು. ಆದಕಾರಣ ನನ್ನ ನೌಕರಿಯೂ ಉಳಿಯಿತು. ಸರ್ಕಾರದ ಅಂಕಿ ಬಿದ್ದ ಮರಗಳನ್ನಷ್ಟೇ ಕೆತ್ತಿ ಸೇಂದಿ ಇಳಿಸುತ್ತಿದ್ದಾರೆಯೇ ಎಂದು ನೋಡುವುದು ಹಗಲಿನ ಕೆಲಸ. ಸಂಜೆಯ ಕೆಲಸ ಬೇರೆ. ಸೇಂದಿ ಖಾನೆಯಲ್ಲಿ ಹೊಸ ಗಡಿಗೆಯ ಬಾಯಿ ಬಿಚ್ಚಿದೊಡನೆ ಕಾರಕೂನನು ಒಂದು ಬಾಯಿ ಸೇಂದಿ ತೆಗೆದುಕೊಂಡು, ನಾಲಗೆಯ ಮೇಲೆ ಹೊರಳಿಸಿ, ನೆಲಕ್ಕೆ ಉಗುಳಬೇಕು. ನೀರು ಬೆರೆಸಿದ್ದರೆ, ನಿನ್ನೆಯ ಹುಳಿ ಮಾಲನ್ನು ಸೇರಿಸಿದ್ದರೆ ನಾಲಗೆ ಹೇಳುತ್ತದೆ. ಇದು ಯಾವ ಕಾಯ್ದೆಯಲ್ಲಿಯೂ ಇರಲಿಲ್ಲ. ನನಗಿಂತ ಹಿಂದಿನವರು ಮಾಡಿಟ್ಟ ರೂಢಿ. ಆದರೆ ಜನ ಅದನ್ನು ಕಾಯ್ದೆಗಿಂತ ಹೆಚ್ಚಾಗಿ ನಂಬುತ್ತಿದ್ದರು. ಕಾರಕೂನನು ಉಗುಳುವ ತನಕ ಯಾರೂ ತಮ್ಮ ಮಣ್ಣಿನ ಬಟ್ಟಲನ್ನು ಮುಂದೆ ಚಾಚುತ್ತಿರಲಿಲ್ಲ.

ನಮ್ಮದು ಲಿಂಗಾಯತ ಮನೆತನ. ಹೆಂಡದ ಹೆಸರೆತ್ತಿದರೆ ನಮ್ಮವ್ವ ಮತ್ತೊಮ್ಮೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಇಂಥ ನೌಕರಿಯವನಿಗೆ ಹೆಣ್ಣು ಸಿಗುವುದು ಸುಲಭವಿರಲಿಲ್ಲ. ಎರಡು ಮನೆಯವರು ಬಾಗಿಲಲ್ಲಿಯೇ ಬೇಡವೆಂದಿದ್ದರು. ಆಗ, ಮಂಠಾಳದ ಕಾಳಿನ ವ್ಯಾಪಾರಿಯೊಬ್ಬರು ನಡುವೆ ನಿಂತು, ಜನ ಆಗಿನ್ನೂ ಕಲ್ಯಾಣಿ ಎನ್ನುತ್ತಿದ್ದ ಬಸವಕಲ್ಯಾಣದ ಒಂದು ಮನೆಗೆ ನಮ್ಮನ್ನು ಕರೆದೊಯ್ದರು. ಕತ್ತಲಾಗುತ್ತಿತ್ತು. ಹುಡುಗಿ ಅವಲಕ್ಕಿಯ ತಟ್ಟೆಯನ್ನು ಇಟ್ಟು ಹೋಗುವವಳು ನಿಂತು, ಗೂಡಿನಲ್ಲಿದ್ದ ಕಂದೀಲಿನ ಬತ್ತಿಯನ್ನು ಏರಿಸಿ, ನನ್ನ ಮುಖವನ್ನು ನೇರವಾಗಿ ನೋಡಿ ಒಳಗೆ ಹೋದಳು. ಹಿರಿಯರು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಆ ಕ್ಷಣದಿಂದ ಈ ಸಂಬಂಧ ಕೂಡಿಬರಲೇಬೇಕೆಂದು ನನಗನಿಸಿತು. ಅದಕ್ಕೂ ಮೊದಲು ಯಾವುದಕ್ಕೂ ಹಾಗೆ ಅನಿಸಿರಲಿಲ್ಲ.

ಮನೆಯ ಯಜಮಾನರು ಹುಡುಗಿಯ ಅಜ್ಜ. ಅವರನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಅವರು ಒಪ್ಪಿದರು. ಆದರೆ ಹುಡುಗಿಯ ಸೋದರಮಾವ ಹೈದರಾಬಾದಿನಲ್ಲಿ ಬಟ್ಟೆ ಅಂಗಡಿಯವರು. ಅವರು ಬಂದು ಹುಡುಗನನ್ನು ನೋಡಿದ ಮೇಲೆಯೇ ಮಾತು ಗಟ್ಟಿ ಎಂದರು ಮುತ್ಯಾ. ನಮಗೆ ಬೀಗರಾಗಲಿದ್ದ ಆ ಸೋದರಮಾವ ಒಂದು ಮಧ್ಯಾಹ್ನ ಹುಮನಾಬಾದಿನ ಮೋಟಾರ್ ಸ್ಟ್ಯಾಂಡಿನಲ್ಲಿ ಇಳಿದರು. ಬಿಳಿ ಶೇರ್ವಾನಿ, ಕೈಯಲ್ಲಿ ಅತ್ತರಿನ ಕರವಸ್ತ್ರ. ನಮ್ಮ ಮನೆಯ ಊಟದಲ್ಲಿ ಶೇಂಗಾ ಹಿಂಡಿ ಖಾರವೆಂದು ದೂರಿದರು. ಹೊತ್ತು ಇಳಿದಾಗ ನನ್ನನ್ನು ಕೇಳಿದರು:

“ಏನಪಾ, ನಿಮ್ಮೂರಾಗ ಸಂಜಿ ಆದಮ್ಯಾಲ ಮಂದಿ ಏನ್ ಮಾಡ್ತಾರ? ಕೋಳಿ ಹಂಗ ಗೂಡು ಸೇರ್ತಾರೇನು?”

“ಮಾಣಿಕನಗರಕ್ಕ ಹೋಗೂಣ್ರಿ ಮಾಮಾ. ಸಂಜಿ ಭಜನಿ ಭಾಳ ಚಂದ ಇರ್ತದ.”

“ಭಜನಿ ನಮ್ಮವ್ವ ಮನ್ಯಾಗ ಮಾಡ್ತಾಳ. ನೀ ಹೈದ್ರಾಬಾದ ನೋಡಬೇಕು. ಗೋಡಿತುಂಬ ಕನ್ನಡಿ, ಗ್ಲಾಸಿನಾಗ ಬರ್ಫ, ಮೂಲ್ಯಾಗ ಬಾಜಾದವರು. ಹೊತ್ತು ಮುಳುಗಿದ್ರ ಅಲ್ಲಿ ದಿನಾ ಚಾಲೂ ಆಗ್ತದ. ನಿಮ್ಮದೇನು ಬಿಡು, ಮಕ್ಕೊಳ್ಳೂ ಊರು.”

ಇದು ಮೊದಲನೆಯ ಅವಮಾನ. ನನಗಾದದ್ದಲ್ಲ, ನನ್ನ ಊರಿಗಾದದ್ದು. ಆದರೂ ಲೆಕ್ಕಕ್ಕೆ ಹಿಡಿದಿದ್ದೇನೆ. ಕನ್ನಡಿಯಿಲ್ಲದ ಊರಿನಲ್ಲಿಯೂ ಸಂಜೆಯೆಂಬುದುಂಟು ಎಂದು ತೋರಿಸುವುದು ನನ್ನ ಕರ್ತವ್ಯವಾಯಿತು.

ಮೊದಲು ಸ್ಟ್ಯಾಂಡಿನ ಹಿಂದಿನ ಚಹಾ ಹೋಟೆಲು. ಅಲ್ಲಿ ಗ್ರಾಮಫೋನ್ ಇತ್ತು. ಮುಳ್ಳು ಸವೆದಿದ್ದರಿಂದ ಗಂಡಸರ ಹಾಡೂ ಹೆಂಗಸರ ಹಾಡೂ ಒಂದೇ ದನಿಯಲ್ಲಿ ಕೇಳುತ್ತಿತ್ತು. ಗಲ್ಲೆಯಲ್ಲಿ ಕುಳಿತ ಮುದುಕ ನನ್ನನ್ನು ಕಂಡೊಡನೆ, “ಆವೋ ಕಾರಕೂನ್ ಸಾಬ್! ಮೆಹಮಾನರು ಬಂದಾರಲ್ಲ, ಇವತ್ತ ಮಲಾಯಿ ಚಹಾ,” ಎಂದು ಬೆಂಚು ಒರೆಸಿಸಿದ. ಬೀಗರು ಚಹಾ ಕುಡಿದರು. ಆ ಸಂಜೆ ಅವರು ಕುಡಿದ ಚಹಾ ಅದೊಂದೇ. ಕಪ್ಪು ಕೆಳಗಿಟ್ಟು, “ಇಷ್ಟೇ ಏನು?” ಎಂದರು.

ನಿರ್ಣಾ ದಾರಿಯ ಸೇಂದಿ ಖಾನೆಗೆ ನಾನು ಹೇಗೂ ಕೆಲಸದ ಮೇಲೆ ಹೋಗಬೇಕಾಗಿತ್ತು. ಮುಳ್ಳುಬೇಲಿಯ ಒಳಗೆ ಬಯಲು, ಸಾಲಾಗಿ ಮರಳಿನಲ್ಲಿ ಹೂತ ಗಡಿಗೆಗಳು, ಬೇಲಿಯ ಬಾಯಲ್ಲಿ ಹುರಿದ ಕಡಲೆ ಮತ್ತು ಕರಿದ ಮೆಣಸಿನಕಾಯಿ ಮಾರುವವರು. ಖಾನೆ ನಡೆಸುತ್ತಿದ್ದವಳು ಸೇಂದಿ ಇಳಿಸಿ ಮಾರುವ ಕಲಾಲರ ಹೆಂಗಸು. ಗಂಡ ಮರದಿಂದ ಬಿದ್ದ ಮೇಲೆ ತಾನೇ ಕುಳಿತಿದ್ದಳು, ನಾಲಗೆ ಹರಿತ.

“ಬರ್ರಿ ಸಾಹೇಬ್ರ. ನಿಮ್ಮ ದಾರಿ ನೋಡಿ ನೋಡಿ ಮಂದಿ ಕಣ್ಣು ಬೆಳ್ಳಗಾಗ್ಯಾವ.”

ಹಿಂದಿನಿಂದ ಒಬ್ಬ ರೈತ ಕೂಗಿದ: “ಲಗೂನ ಉಗುಳ್ರಿ ಸಾಹೇಬ್ರ, ಗಂಟಲ ಒಣಗಾಕತ್ತದ!”

ಬಯಲೆಲ್ಲ ನಕ್ಕಿತು. ನಾನು ಬಾಯಿಗೆ ಹಾಕಿಕೊಂಡೆ, ಹೊರಳಿಸಿದೆ, ಉಗುಳಿದೆ, ತಲೆಯಾಡಿಸಿದೆ. ಬಟ್ಟಲುಗಳು ಮುಂದೆ ಬಂದವು. ತಿರುಗಿ ನೋಡಿದರೆ ಬೀಗರು ಶೇರ್ವಾನಿಯ ಗುಂಡಿ ಬಿಚ್ಚಿ ಚಾಪೆಯ ಮೇಲೆ ಕುಳಿತಿದ್ದರು.

“ಬರೇ ರುಚಿ ನೋಡ್ತೇನಪಾ,” ಎಂದರು. ಕಲಾಲರ ಹೆಂಗಸು ನನ್ನ ಮುಖ ನೋಡಿದಳು. “ಯಾವೂರ ಬೀಗರ್ರಿ ಇವರು? ರುಚಿ ನೋಡೂದ್ರಾಗ ಗಡಿಗಿ ತಳ ಕಾಣಾಕತ್ತದ,” ಎಂದಳು. ಅವರಿಗೆ ಸಿಟ್ಟು ಬರಲಿಲ್ಲ. ಸಂತೋಷವಾಗಿತ್ತು. ಅಲ್ಲಿಂದ ಪೇಟೆಯ ಹಿಂದಿನ ಓಣಿಗೆ, ಇಪ್ಪೆ ಹೂವಿನ ಸೆರೆ ಮಾರುವ ಅಂಗಡಿಗೆ ಅವರೇ ದಾರಿ ಕೇಳಿಕೊಂಡು ನಡೆದರು. ನಾನು ಹಿಂದೆ ಹಿಂದೆ ಹೋದೆ. ಮನೆಗೆ ಮರಳುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ಅಳಿಯಾ, ಇಂಥಾದ್ದು ಹೈದ್ರಾಬಾದಿನಾಗೂ ಸಿಗೂದಿಲ್ಲ ನೋಡು,” ಎಂದರು. ಅಳಿಯ ಎಂದರು. ನಾನು ಅದನ್ನು ಕೊಟ್ಟ ಮಾತೆಂದೇ ತಿಳಿದೆ.

ಕೆಲವು ದಿನಗಳ ಮೇಲೆ ಮಂಠಾಳದ ವ್ಯಾಪಾರಿಗಳು ಬಂದು ನಮ್ಮ ಕಟ್ಟೆಯ ತುದಿಯಲ್ಲಿ ಕುಳಿತರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ಹುಡುಗ ಚೊಲೋ ಅದಾನಂತ, ಮನಿತನಾನೂ ಚೊಲೋ ಅದಂತ,” ಎಂದರು. “ಆದ್ರ ಸೇಂದಿ ಖಾನ್ಯಾಗ ಇವ ಬರೂತನಕ ಮಂದಿ ಕುಡ್ಯಾಕ ಚಾಲೂನ ಮಾಡೂದಿಲ್ಲಂತ. ಅಂಥವಗ ಹೆಣ್ಣು ಹ್ಯಾಂಗ ಕೊಡೂದು ಅನ್ನಾಕತ್ತಾರ.”

ಕೂಲಂಕಷವಾಗಿ ನೋಡಿದರೆ ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅದರ ದುಷ್ಟತನ. ಕಲ್ಯಾಣಿಯ ಯಾರೋ ಬೀಗರನ್ನು ಚಾಪೆಯ ಮೇಲೆ ಕಂಡು ಮನೆಗೆ ಸುದ್ದಿ ಮುಟ್ಟಿಸಿದ್ದರು. ಅಲ್ಲಿಗೆ ಹೋದದ್ದಕ್ಕೆ ಬೀಗರು ಕಾರಣ ಹೇಳಬೇಕಾಯಿತು. ಹುಡುಗನ ಚಾಳಿ ಪರೀಕ್ಷಿಸಲು ಹೋಗಿದ್ದೆನೆಂದು ಅವರು ಹೇಳಿದ್ದರು.

ಗಂಡಿನ ಕಡೆಯವರು ತಾವಾಗಿ ಹೆಣ್ಣಿನ ಮನೆಗೆ ನ್ಯಾಯ ಕೇಳಲು ಹೋಗುವುದು ನಮ್ಮಲ್ಲಿಲ್ಲ. ಅಪ್ಪ ಬೇಡವೆಂದ. ನಾನು ಹೋದೆ. ಬಿಸಿಲು ಜೋರಾಗಿತ್ತು. ಪಡಸಾಲೆಯಲ್ಲಿ ಮುತ್ಯಾ, ಹುಡುಗಿಯ ತಂದೆ, ಆ ಸೋದರಮಾವ ಮೂವರೂ ಇದ್ದರು. ಅವರ ಮುಂದೆ ಹಿತ್ತಾಳೆಯ ತಂಬಿಗೆ, ಲೋಟಗಳಿದ್ದವು. ನಾನು ನೀರು ಕೇಳಿದಾಗ ಹುಡುಗಿಯ ತಂದೆ ಎದ್ದು, ಲೋಟವನ್ನು ಬದಿಗೆ ಸರಿಸಿ, ನನ್ನ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ಎಂಜಲಾದ ಬಾಯಿ ತಮ್ಮ ಲೋಟಕ್ಕೆ ತಾಗಬಾರದೆಂದು. ಬಾಯಾರಿತ್ತು, ಕುಡಿದೆ. ಅದನ್ನೂ ಮರೆತಿಲ್ಲ.

“ಒಂದ ಮಾತು ಕೇಳ್ತೇನಿ, ಖರೇ ಹೇಳು,” ಎಂದರು ಮುತ್ಯಾ. “ಸೇಂದಿ ಬಾಯಾಗ ಹಾಕ್ಕೊಂಡೀಯೋ ಇಲ್ಲೋ?”

“ಹಾಕ್ಕೊಂಡೇನ್ರಿ ಮುತ್ಯಾ. ನೌಕರಿ ಅದು. ಆದ್ರ ನುಂಗಿಲ್ರಿ, ಉಗುಳೀನಿ.”

ಮೂವರೂ ನಕ್ಕರು. ಮುತ್ಯಾ ಕಣ್ಣೊರೆಸಿಕೊಂಡು, “ಬಾಯಾಗ ಬಿದ್ದದ್ದು ಹೊಟ್ಟ್ಯಾಗ ಬಿದ್ದಂಗೋ ತಮ್ಮಾ. ಬೆಕ್ಕೂ ಹಾಲು ನೆಕ್ಕಿ, ನುಂಗಿಲ್ಲ ಅಂತದ,” ಎಂದರು.

ನಾನು ಸೋದರಮಾವನವರ ಕಡೆ ತಿರುಗಿದೆ. “ಮಾಮಾ, ನೀವರ ಹೇಳ್ರಿ. ನಾ ಉಗುಳಿದ್ದು ನೋಡೀರಲ್ಲ? ಚಾಪಿ ಮ್ಯಾಲ ಕುಂತು ಕುಡದವರು ಯಾರು?”

ನಗೆ ನಿಂತಿತು. ಒಳಬಾಗಿಲಿನ ಪರದೆಯ ಹಿಂದೆ ಬಳೆಗಳ ಸದ್ದೂ ನಿಂತಿತು. ಅವಳು ಅಲ್ಲಿ ನಿಂತು ಕೇಳುತ್ತಿದ್ದಳೆಂದು ನನಗೆ ಆಗಲೇ ತಿಳಿದದ್ದು. ಸೋದರಮಾವನವರು ತಡಮಾಡಲಿಲ್ಲ. ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಹಿಡಿದರು. ಅದರೊಳಗೆ ಲಿಂಗವಿರುತ್ತದೆ.

“ಲಿಂಗದ ಆಣಿ. ಹುಮನಾಬಾದಿನಾಗ ನಾ ಕುಡದದ್ದು ಒಂದ ಕಪ್ಪು ಚಹಾ.”

ಇಂಥ ಆಣೆಯ ಮೇಲೆ ಮಾತಾಡುವಂತಿಲ್ಲ. ಮಾತಾಡಿದರೆ ಆ ಮನೆಯ ಧರ್ಮವನ್ನೇ ಸುಳ್ಳೆಂದಂತೆ. “ಸಾಕು,” ಎಂದರು ಮುತ್ಯಾ, ನನ್ನನ್ನು ನೋಡದೆ. “ಹೊತ್ತಿಗೆ ಮೋಟಾರು ಸಿಗ್ತದ, ಹೋಗಿಬಾ.”

ಅವಳನ್ನು ಆ ವರ್ಷವೇ ಬೇರೆ ಊರಿಗೆ ಕೊಟ್ಟರು. ನನಗೂ ಮುಂದೆ ಮದುವೆಯಾಯಿತು. ನನ್ನ ಹೆಂಡತಿ ಒಳ್ಳೆಯವಳು, ಆ ಬಗ್ಗೆ ನನ್ನ ತಕರಾರಿಲ್ಲ. ಸೋದರಮಾವನವರು ಸುಳ್ಳು ಆಣೆಯಿಟ್ಟದ್ದರ ಬಗ್ಗೆಯೂ ಈಗ ಹೆಚ್ಚು ಯೋಚಿಸುವುದಿಲ್ಲ. ಅದು ಅವರಿಗೂ ಅವರ ಲಿಂಗಕ್ಕೂ ಸೇರಿದ್ದು. ಆದರೆ ಆ ಪಡಸಾಲೆಯಲ್ಲಿ ನನ್ನ ಕೊರಳಿನಲ್ಲಿಯೂ ಲಿಂಗವಿತ್ತು. ಅದನ್ನು ಮುಟ್ಟಿ ನೀನೂ ಹೇಳು ಎಂದು ಆ ಮೂವರಲ್ಲಿ ಒಬ್ಬರೂ ಅನ್ನಲಿಲ್ಲ.