ಗಂಟಲಲ್ಲಿ ಸಿಕ್ಕಿದ್ದು

ಕಸ್ತೂರಿ, ನಿಮ್ಮವ್ವ ನೀಲವ್ವ ಏನನ್ನೂ ಮುಚ್ಚಿಟ್ಟಿರಲಿಲ್ಲ. ನನಗೆ ಹೇಳಿದ್ದಳು—ಒಂದಲ್ಲ, ಮೂರು ಸಲ. ಹೇಳಿಲ್ಲ ಎಂದು ನಿನಗೆ ಸುಳ್ಳು ಹೇಳಿದವಳು ನಾನು.

ನಿಮ್ಮಪ್ಪ ತೀರಿಕೊಂಡ ಮೂರನೆಯ ವಾರ ನೀಲವ್ವ ಮುರಗೋಡದಿಂದ ಬಸ್ಸು ಹಿಡಿದು ಯರಗಟ್ಟಿಯ ನನ್ನ ಹೋಮಿಯೋಪತಿ ದವಾಖಾನೆಗೆ ಬಂದಳು. ಗಂಡ ಹೆಂಡತಿ ಎದುರುಬದುರು ಮಷಿನ್ ಇಟ್ಟುಕೊಂಡು ಇಪ್ಪತ್ತು ವರ್ಷ ಬಟ್ಟೆ ಹೊಲಿದವರು. ಅವಳು ಅಳುತ್ತಿರಲಿಲ್ಲ. ನಿಟ್ಟುಸಿರು ಬಿಡುತ್ತಿದ್ದಳು, ಬಂದ ಅಳುವನ್ನು ನುಂಗಿಕೊಳ್ಳುತ್ತಿದ್ದಳು.

"ಗಂಟಲದಾಗ ಏನೋ ಸಿಕ್ಕೊಂಡಂಗ ಆಗತೈತ್ರಿ ಡಾಕ್ಟರ್ ಬಾಯಾರ," ಎಂದಳು.

ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನಿಟ್ಟುಸಿರು, ನುಂಗಿಕೊಂಡ ಅಳು, ಗಂಟಲಲ್ಲಿ ಗಂಟು—ನಾನು ಓದಿದ ಪುಸ್ತಕಗಳಲ್ಲಿ ಇವುಗಳ ಮುಂದೆ ಇದ್ದ ಹೆಸರು ಇಗ್ನೇಶಿಯಾ. ಬಳ್ಳಿಯೊಂದರ ಬೀಜದಿಂದ ಮಾಡುವ, ದುಃಖಕ್ಕೆಂದೇ ಕೊಡುವ ಔಷಧ.

"ಇದು ದುಃಖದ ಗಂಟು ನೀಲವ್ವ. ತಾನಾ ಕರಗತೈತಿ," ಎಂದು ಬಿಳಿ ಗುಳಿಗೆಯ ಶೀಶೆ ಕೊಟ್ಟೆ.

ತಿಂಗಳ ಮೇಲೆ ಮತ್ತೆ ಬಂದಳು. "ಈಗ ನಿದ್ದಿ ಹತ್ತತೈತ್ರಿ. ಆದ್ರ ರೊಟ್ಟಿ ಇಳಿವಲ್ದು. ಹಾಲಾಗ ನೆನಿಸಿ ತಿನ್ನಾಕತ್ತೇನಿ."

ದುಃಖದ ಗಂಟು ಊಟಕ್ಕೆ ಅಡ್ಡ ಬರುವುದಿಲ್ಲ. ತುತ್ತು ನುಂಗಿದರೆ ಹಗುರವಾಗುತ್ತದೆ. ರೊಟ್ಟಿ ಇಳಿಯದ ಗಂಟು ಬೇರೆಯೇ. ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ—ಓದಿದ್ದೆ. ಅವತ್ತೇ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು. ಆದರೆ ಅವಳಿಗೆ ನಿದ್ದೆ ಬಂದಿತ್ತಲ್ಲ, ನನ್ನ ಔಷಧ ಹಿಡಿದಿದೆ ಎಂಬ ಹಿಗ್ಗು... ಅದೇ ಗುಳಿಗೆ ಮತ್ತೆ ಕೊಟ್ಟೆ. ಮೂರನೆಯ ಸಲ ಬಂದಾಗ ಬರೀ ಅಂಬಲಿಯ ಮೇಲಿದ್ದಳು, ದನಿ ಒಡೆದಿತ್ತು. ಆಗಲೂ ಅದನ್ನೇ ಕೊಟ್ಟೆ.

ಕೊನೆಗೆ ಬೆಳಗಾವಿಗೆ ಕರೆದೊಯ್ದವಳು ನೀನು. ಕ್ಯಾನ್ಸರ್, ತಡಮಾಡಿ ಬಂದಿರಿ ಎಂದರು ಅಲ್ಲಿ. ಮರುದಿನ ನೀನು ನನ್ನ ಬಾಗಿಲಲ್ಲಿ ನಿಂತು ಕೇಳಿದೆ: "ನುಂಗಾಕ ಆಗವಲ್ದು ಅಂತ ನಮ್ಮವ್ವ ನಿಮ್ಮ ಮುಂದ ಹೇಳಿದ್ಲೇನ್ರಿ ಬಾಯಾರ?"

"ಇಲ್ಲವಾ. ನನ್ನ ಮುಂದ ಒಂದ ಸಲಾನೂ ಹೇಳಲಿಲ್ಲ."

ಯೋಚಿಸಿ ಆಡಿದ ಮಾತಲ್ಲ. ಆದರೆ ನೀನು ಹೋದ ಮೇಲೆ ಅವಳ ಕೇಸ್ ಪೇಪರ್ ಹರಿದು ಒಲೆಗೆ ಹಾಕಿದೆನಲ್ಲ—ಅದು ಯೋಚಿಸಿಯೇ ಮಾಡಿದ್ದು.

ಆಮೇಲೆ ಒಂದು ಮಧ್ಯಾಹ್ನ ಅವಳನ್ನು ನೋಡಲು ನಿಮ್ಮ ಮನೆಗೆ ಬಂದೆ. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ನಳಿಕೆ ಕೂರಿಸಿದ್ದರು, ಮಾತು ನಿಂತಿತ್ತು. ಅಳತೆಯ ಅಂಕಿ ಬಿಟ್ಟರೆ ಅವಳಿಗೆ ಬರೆಯಲೂ ಬರುತ್ತಿರಲಿಲ್ಲ. ನೀನು ನನ್ನೆದುರೇ ಅವಳ ಮೇಲೆ ಹರಿಹಾಯ್ದೆ.

"ನನ್ನ ಮುಂದ ಬ್ಯಾಡ, ಬಾಯಾರ ಮುಂದಾದ್ರೂ ಹೇಳಬಾರದಾಗಿತ್ತೇನ ಯವ್ವಾ? ಯಾಕ ಮುಚ್ಚಿಟ್ಟಿ?"

ನೀಲವ್ವ ನನ್ನನ್ನು ನೋಡಿದಳು. ನಾನು ಹೇಳುತ್ತೇನೆಂದು ಕಾದಳೋ ಏನೋ. ನಾನು ಬಾಯಿ ಬಿಡಲಿಲ್ಲ. ಅವಳೇ ಕೈಯೆತ್ತಿ ನನಗೆ ಕುರ್ಚಿ ತೋರಿಸಿದಳು. ಚಹಾ ಇಡು ಎಂದು ನಿನಗೆ ಸನ್ನೆ ಮಾಡಿದಳು.

ಆ ಚಹಾ ಕುಡಿದೆ, ಕಸ್ತೂರಿ. ಪೂರ್ತಿ ಕುಡಿದೆ.

ಅವಳು ಹೋದ ಸುದ್ದಿ ಬಂದ ದಿನ ಅದೇ ಗುಳಿಗೆಗಳನ್ನು ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡೆ. ಸಿಹಿ, ಅಷ್ಟೇ. ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ಏಳುತ್ತೇನೆ—ಯಾವುದೂ ನನಗೆ ತಾಕುವುದಿಲ್ಲ. ದವಾಖಾನೆ ಮುಚ್ಚಿದೆ. ವಯಸ್ಸಾಯಿತು ಎಂದು ಜನಕ್ಕೆ ಹೇಳಿದೆ, ಅದೂ ಸುಳ್ಳೇ.

ಹೋದ ವಾರ ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕು ನನ್ನ ಕಾಲು ಮುಟ್ಟಿದೆ. "ಅವ್ವನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ರಿ ಬಾಯಾರ. ಅಕಿ ಫೋಟೋನೂ ಗ್ವಾಡಿಗಿ ಹಾಕಿಲ್ಲ," ಎಂದೆ. ನಿನ್ನ ಬಸ್ಸು ಬರುವವರೆಗೂ ನಿನ್ನ ಪಕ್ಕದಲ್ಲೇ ಕೂತಿದ್ದೆ, ಸುಮ್ಮನೆ ತಲೆಯಾಡಿಸುತ್ತ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನೊಬ್ಬಳೇ ಓದಿ ಮಡಚಿಟ್ಟುಬಿಟ್ಟರೆ—ನನಗೆ ಅದು ತೀರ ಸಲೀಸು. ಭಾನುವಾರ ನಿನ್ನ ತಮ್ಮಂದಿರೂ ಮನೆಯಲ್ಲಿರುವ ಹೊತ್ತಿಗೆ ಮುರಗೋಡಕ್ಕೆ ಬರುತ್ತೇನೆ. ಒಳಗೆ ಕರೆಯಬೇಡ. ಹೊಸ್ತಿಲ ಹೊರಗೆ ನಿಂತು, ಓಣಿಯವರಿಗೂ ಕೇಳುವ ಹಾಗೆ, ಮೊದಲಿನಿಂದ ಓದುತ್ತೇನೆ.