ಶಿಕ್ಕಾ ಇಲ್ಲದ ಚೀಟಿ

ನಾನು ಡಾಕ್ಟರಾಗಬೇಕೆಂದು ಮೊದಲು ನಿಶ್ಚಯಿಸಿದವಳು ನಾನಲ್ಲ, ನಮ್ಮ ಕಾಕಾ. ಅಪ್ಪ ರೈಲ್ವೆಯಲ್ಲಿ ಗಾರ್ಡ್. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ, ಉಳಿದ ಮೂರು ದಿನ ನಿದ್ದೆಯಲ್ಲಿ. ಹೀಗಾಗಿ ಕೇಶ್ವಾಪುರದ ನಮ್ಮ ಮನೆಯ ಕಾರಭಾರವೆಲ್ಲ ಅಪ್ಪನ ತಮ್ಮನಾದ ಈ ಕಾಕಾನ ಕೈಯಲ್ಲಿತ್ತು. ಹುಬ್ಬಳ್ಳಿಯಲ್ಲಿ ಆಗ ವೈದ್ಯಕೀಯ ಕಾಲೇಜು ಹೊಸದಾಗಿ ಬಂದಿತ್ತು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಡಾಕ್ಟರಾಗಿ ಬರಬಹುದು ಎಂಬ ವಿಚಾರ ಕಾಕಾನ ತಲೆ ಹೊಕ್ಕಿತು. ಅಲ್ಲಿಂದ ನನ್ನ ತಲೆಗೆ ದಾಟಿತು. ದಾಟಿದ ಮೇಲೆ ಅದನ್ನು ನನ್ನಷ್ಟು ಹಟದಿಂದ ಹಿಡಿದುಕೊಂಡವರು ಇನ್ನೊಬ್ಬರಿರಲಿಕ್ಕಿಲ್ಲ.

ತೊಡಕು ಏನೆಂದರೆ, ಬರಿಯ ಮಾರ್ಕ್ಸಿನ ಮೇಲೆ ಸೀಟು ಸಿಗುತ್ತಿರಲಿಲ್ಲ. ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಬೆಂಗಳೂರಿಗೆ ಹೋಗಿ ಕಮಿಟಿಯ ಮುಂದೆ ಕೂಡಬೇಕು. ಆಟ, ಎನ್.ಸಿ.ಸಿ., ಚರ್ಚಾಸ್ಪರ್ಧೆ, ನಾಟಕ, ಸಮಾಜಸೇವೆ, ಇವಕ್ಕೆಲ್ಲ ಅವರು ಬೇರೆ ಮಾರ್ಕ್ಸ್ ಕೊಡುತ್ತಿದ್ದರು. ನಾನು ಓದಿನಲ್ಲಿ ಜಾಣೆಯೇ, ಆದರೆ ಅಷ್ಟೇನೂ ಜಾಣೆಯಲ್ಲ. ಆ ಮೇಲಿನ ಮಾರ್ಕ್ಸ್ ಸಿಕ್ಕರೆ ದಡ ಸೇರುವೆ, ಇಲ್ಲದಿದ್ದರೆ ಇಲ್ಲ. ಸೇರದಿದ್ದರೆ ಏನೆಂಬುದನ್ನು ಅವ್ವನ ಅಣ್ಣ ಆಗಲೇ ಗೊತ್ತು ಮಾಡಿಟ್ಟಿದ್ದ: ಗದಗಿನ ಕಡೆಯ ಒಂದು ವರ, ಎತ್ತರ, ಬಣ್ಣ, ಸರಕಾರಿ ನೌಕರಿ.

ಕಾಕಾ ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತ. ಜನ ತಮ್ಮ ತೀರ್ಪಿನ, ಖರೀದಿಪತ್ರದ ನಕಲು ಕೇಳಿ ಬಂದರೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಡುವುದು, ಕೆಳಗೆ ‘ಅಸಲಿನ ಪ್ರಕಾರ ಖರೇ ನಕಲು’ ಎಂದು ಸೇರಿಸುವುದು, ಇಪ್ಪತ್ತು ವರ್ಷ ಅವನು ಮಾಡಿದ್ದು ಇದನ್ನೇ. ಯಾರೋ ಒಬ್ಬ ಅಸಲು ಖರೀದಿಪತ್ರವನ್ನು ರೈಲಿನಲ್ಲಿ ಮರೆತು ಹೊಲ ಕಳೆದುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ಅವನಿಗೆ ಒಂದೇ ವೇದವಾಕ್ಯ: ಅಸಲು ಮನೆ ಬಿಟ್ಟು ಹೊರಡಬಾರದು.

ನಾನು ಪಿ.ಯು.ಸಿ. ಸೇರಿದ ವಾರವೇ ಕಾಕಾ ದೊಡ್ಡ ಹಾಳೆಗೆ ಗೆರೆ ಎಳೆದು ನನ್ನ ಇಡೀ ವರ್ಷವನ್ನು ಚೌಕಾಬಾರದ ಹಾಗೆ ಮನೆ ಮನೆಯಾಗಿ ಕೊರೆದಿಟ್ಟ. ಮಂಗಳವಾರ ಪರೇಡು. ಬುಧವಾರ ರಿಂಗ್ ಟೆನಿಸ್. ಶುಕ್ರವಾರ ಚರ್ಚೆ. ಸಂಗೀತದ ಮನೆಯನ್ನು ಮಾತ್ರ ಖಾಲಿ ಬಿಟ್ಟಿದ್ದ. ಯಾಕೆಂದು ಅವ್ವ ಕೇಳಿದ್ದಕ್ಕೆ, ನಮ್ಮ ಸೀಮೆಯವರು ಸಂಗೀತ ಕಲಿತಿದ್ದೇವೆಂದರೆ ಕಮಿಟಿಯವರು ಹಾಡು ಎನ್ನುತ್ತಾರೆ, ಇವಳು ಹಾಡಿದರೆ ಇದ್ದ ಮಾರ್ಕ್ಸೂ ಹೋಗುತ್ತವೆ ಎಂದ. ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ.

ಒಂದೊಂದನ್ನೂ ಮಾಡಿದೆ. ನಾಟಕದಲ್ಲಿ ದ್ವಾರಪಾಲಕನಾಗಿ ಭರ್ಚಿ ಹಿಡಿದು ಎರಡು ತಾಸು ನಿಂತೆ. ನನಗಿದ್ದದ್ದು ಒಂದೇ ಮಾತು, ‘ಅಪ್ಪಣೆ ಪ್ರಭು’. ಅದನ್ನೂ ಪ್ರಭು ಒಳಗೆ ಹೋದ ಮೇಲೆ ಹೇಳಿದೆ. ಸರ್ಟಿಫಿಕೇಟಿನಲ್ಲಿ ‘ಅಭಿನಯ ಶ್ಲಾಘನೀಯ’ ಎಂದಿತ್ತು. ಒಂದೊಂದು ಕಾಗದ ಬಂದಾಗಲೂ ಕಾಕಾ ಮೊದಲು ನೋಡುತ್ತಿದ್ದದ್ದು ಕೆಳಗಿನ ದುಂಡು ಶಿಕ್ಕಾ, ಕಚೇರಿಯ ಮೊಹರು. ಶಿಕ್ಕಾ ಸ್ಪಷ್ಟ ಮೂಡಿದ್ದರೆ ಅವನ ಮೋರೆ ಅರಳುತ್ತಿತ್ತು. ಕೂಡಲೇ ನಕಲು ತೆಗೆದು, ದೊಡ್ಡ ಸಾಹೇಬರೊಬ್ಬರ ಸಹಿ ಹಾಕಿಸಿ, ಅಸಲನ್ನು ಅಜ್ಜಿಯ ಕಾಲದ ಟ್ರಂಕಿಗೆ ಹಾಕಿ ಕೀಲಿ ಜಡಿಯುತ್ತಿದ್ದ.

ಉಳಿದದ್ದು ರವಿವಾರದ ಮನೆ, ಸಮಾಜಸೇವೆ. ಅದಕ್ಕೆ ಸಿಕ್ಕಿದ್ದು ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಧರ್ಮಾರ್ಥ ದವಾಖಾನೆ. ಡಾಕ್ಟರು ಬೆಳಿಗ್ಗೆ ಒಂದು ತಾಸು ಬಂದು ಹೋಗುವರು. ಮಿಕ್ಕ ಹೊತ್ತು ದವಾಖಾನೆಯೆಂದರೆ ಕಂಪೌಂಡರರೇ. ಮೊದಲು ಮಿಲಿಟರಿ ಆಸ್ಪತ್ರೆಯಲ್ಲಿದ್ದವರು, ಮಾತು ಕಡಿಮೆ. ಅವರ ಮನೆತನ ಕೆಲವು ವರ್ಷಗಳ ಹಿಂದೆ ಬೌದ್ಧ ಧರ್ಮ ಸ್ವೀಕರಿಸಿತ್ತು. ಔಷಧದ ಕಪಾಟಿನ ಮೇಲೆ ಬುದ್ಧನ ಪುಟ್ಟ ಪಟ ಇಟ್ಟಿದ್ದರು. ಅವರ ಕೈಯ ನೀರು ಮುಟ್ಟದ ಜನ ಆ ಓಣಿಯಲ್ಲಿ ಬಹಳ ಇದ್ದರು. ಅವರೇ ಬೆರೆಸಿದ ಮಿಕ್ಸ್ಚರನ್ನು ಆ ಜನವೇ ಸಾಲು ನಿಂತು ಒಯ್ಯುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ನೀರೇ ಎಂಬುದನ್ನು ಯಾರೂ ಯೋಚಿಸಿದಂತಿರಲಿಲ್ಲ. ನಮ್ಮ ಮನೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿಯ ಔಷಧವನ್ನೂ ನಾವು ತರುತ್ತಿರಲಿಲ್ಲ. ನನ್ನನ್ನು ಕಳಿಸುವಾಗ ಅವ್ವ ಸಣ್ಣ ತಂಬಿಗೆಯಲ್ಲಿ ನೀರು ಕೊಡುತ್ತಿದ್ದಳು, ಬಿಸಿಲು ಬಹಳ ಎಂದು. ಬಿಸಿಲು ನೆಪವೆಂದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಕಂಪೌಂಡರರು ನನಗೆ ಕೊಟ್ಟ ಕೆಲಸ ಪಟ್ಟಿ ಕತ್ತರಿಸಿ ಅಂಟಿಸುವುದು. ಆಗೆಲ್ಲ ಜನ ಮನೆಯಿಂದ ಬಾಟಲಿ ತರುತ್ತಿದ್ದರು. ಔಷಧ ತುಂಬಿದ ಮೇಲೆ ಬಾಟಲಿಯ ಮೈಗೆ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟಿಯನ್ನು ಮಡಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ ಬಿಚ್ಚಿದರೆ ಸಮನಾದ ಗುರುತು ಮೂಡುತ್ತವೆ. ಒಂದು ಹೊತ್ತಿಗೆ ಒಂದು ಕಚ್ಚು. ಓದು ಬರದವರಿಗೂ ಎಷ್ಟು ಕುಡಿಯಬೇಕೆಂದು ತಿಳಿಯುತ್ತದೆ. ದೊಡ್ಡವರ ಬಾಟಲಿಗೆ ಆರು ಕಚ್ಚು, ಕೂಸುಗಳ ಬಾಟಲಿಗೆ ಹನ್ನೆರಡು. ಡಾಕ್ಟರಾಗಬೇಕಾದವಳಿಗೆ ಕತ್ತರಿ ಕೊಟ್ಟು ಕೂಡಿಸಿದರಲ್ಲ ಎಂದು ಮೊದಲ ತಿಂಗಳು ನನಗೆ ಒಳಗೊಳಗೇ ಉರಿ. ಕಾಲೇಜಿನ ಪುಸ್ತಕ ಒಯ್ದು, ಒಂದು ಕಣ್ಣು ಅದರಲ್ಲಿಟ್ಟು ಕತ್ತರಿಸುತ್ತಿದ್ದೆ.

ಹಾಗೆ ಮಾಡಿದ್ದಕ್ಕೇ ಒಂದು ರವಿವಾರ ಆಗಬಾರದ್ದು ಆಯಿತು. ಮನೆಗೆ ಬಂದು ಊಟಕ್ಕೆ ಕೂಡುವ ಮೊದಲು ಪುಸ್ತಕ ತೆರೆದರೆ, ಹಾಳೆಗಳ ನಡುವೆ ಹನ್ನೆರಡು ಕಚ್ಚಿನ ಪಟ್ಟಿ. ಅಂದು ಅಂಥದ್ದು ಕತ್ತರಿಸಿದ್ದು ಒಂದೇ ಒಂದು, ಬಂದ ಕೂಸೂ ಒಂದೇ. ಪಟ್ಟಿ ಇಲ್ಲಿದ್ದರೆ ಆ ಕೂಸಿನ ಬಾಟಲಿಗೆ ನಾನು ಅಂಟಿಸಿದ್ದು ದೊಡ್ಡವರ ಪಟ್ಟಿ. ಪ್ರತಿ ಹೊತ್ತಿಗೂ ಎರಡು ಪಟ್ಟು ಔಷಧ. ಕೂಸಿನ ತಾಯಿ ಗೋಪನಕೊಪ್ಪದವಳೆಂದು ಮಾತಿನಲ್ಲಿ ಕೇಳಿದ್ದೆ, ಅಷ್ಟೇ ಗೊತ್ತು. ಅವ್ವ ಕೂಗುತ್ತಿದ್ದಂತೆಯೇ ಪಟ್ಟಿ ಹಿಡಿದು ಓಡಿದೆ.

ಗೋಪನಕೊಪ್ಪ ಆಗ ಊರಾಚೆಯ ಹಳ್ಳಿಯ ಹಾಗೇ ಇತ್ತು. ಬಾವಿಯ ಹತ್ತಿರ ಕೇಳಿದೆ, ಗುಡಿಯ ಕಟ್ಟೆಯಲ್ಲಿ ಕೇಳಿದೆ, ಕೆಮ್ಮುವ ಕೂಸು ಎಲ್ಲಿದೆಯೆಂದು. ಒಂದಲ್ಲ, ಮೂರು ಮನೆ ತೋರಿಸಿದರು. ಮೂರನೆಯದೇ ನಾನು ಹುಡುಕುತ್ತಿದ್ದದ್ದು. ಕೂಸು ಹೊಸ್ತಿಲಲ್ಲಿ ಕೂತು ರೊಟ್ಟಿಯ ಚೂರು ಚೀಪುತ್ತಿತ್ತು. ಬಾಟಲಿ ಗೋಡೆಯ ಮಾಡಿನಲ್ಲಿತ್ತು. ಎಷ್ಟು ಕುಡಿಸಿದಿರಿ ಎಂದು ಕೇಳಿದೆ. ತಾಯಿ ನಕ್ಕಳು.

“ಒಂದ ಸಲ ಬಾಯಿಗೆ ಹಾಕೇನ್ರಿ. ಅಷ್ಟೂ ನನ್ನ ಮಾರಿ ಮ್ಯಾಲ ಉಗಳೈತಿ.”

ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಪಟ್ಟಿ ಅಂಟಿಸಲು ಅನ್ನದ ಅಗುಳು ಕೇಳಿದರೆ, ಅಂದು ಅವರ ಮನೆಯಲ್ಲಿ ಅನ್ನ ಮಾಡಿರಲಿಲ್ಲ. ಆಕೆ ಜೋಳದ ಹಿಟ್ಟು ಕಲಸಿ ಕೊಟ್ಟಳು. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿ, ಕಚ್ಚುಗಳನ್ನು ಮೂರು ಸಲ ಎಣಿಸಿದೆ.

ಸೀದಾ ದವಾಖಾನೆಗೆ ಬಂದೆ. ಕಂಪೌಂಡರರು ಬಾಗಿಲು ಹಾಕುವುದರಲ್ಲಿದ್ದರು. ಎಲ್ಲ ಹೇಳಿದೆ, ಪುಸ್ತಕ ಓದುತ್ತಿದ್ದದ್ದನ್ನೂ ಸೇರಿಸಿ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಮುಖ ನೋಡಿದರು, ಒಳಗೆ ಹೋಗಿ ಗಡಿಗೆಯಿಂದ ಒಂದು ಲೋಟ ನೀರು ತಂದು ಹಿಡಿದರು. ಅವ್ವ ಕೊಟ್ಟ ತಂಬಿಗೆ ಮನೆಯಲ್ಲೇ ಇತ್ತು. ಗಟಗಟ ಕುಡಿದೆ. ಅಷ್ಟು ರುಚಿಯ ನೀರು ಅಲ್ಲಿಯವರೆಗೆ ಕುಡಿದಿರಲಿಲ್ಲ. ಮನೆಯಲ್ಲಿ ಅದನ್ನು ಹೇಳಲಿಲ್ಲ. ಮುಂದಿನ ವಾರದಿಂದ ಪುಸ್ತಕವನ್ನೂ ಒಯ್ಯಲಿಲ್ಲ.

ವರ್ಷ ಮುಗಿಯಿತು. ಸಮಾಜಸೇವೆಯ ಕಾಗದ ಬೇಕಲ್ಲ. ಅಷ್ಟರಲ್ಲಿ ಡಾಕ್ಟರು ಊರು ಬಿಟ್ಟಿದ್ದರು, ಹೊಸಬರಿಗೆ ನನ್ನ ಗುರುತಿಲ್ಲ. ಕೊನೆಗೆ ಕಂಪೌಂಡರರೇ ಒಂದು ಕಾಗದ ತೆಗೆದು, ಬಹಳ ಹೊತ್ತು ಯೋಚಿಸಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರು: ‘ಈ ಹುಡುಗಿ ಒಂದು ವರ್ಷ ಪ್ರತಿ ರವಿವಾರ ನಮ್ಮ ದವಾಖಾನೆಗೆ ಬಂದು ಔಷಧದ ಪಟ್ಟಿ ಕತ್ತರಿಸಿದ್ದಾಳೆ. ಒಂದು ಸಲ ತಪ್ಪು ಮಾಡಿದಳು. ತಾನೇ ಹೋಗಿ ತಿದ್ದಿ, ತಾನೇ ಬಂದು ಹೇಳಿದಳು. ಆಮೇಲೆ ತಪ್ಪು ಮಾಡಿಲ್ಲ.’

ಕಾಕಾ ಓದಿ ಹಣೆ ಚಚ್ಚಿಕೊಂಡ. ಸರ್ಟಿಫಿಕೇಟಿನಲ್ಲಿ ಯಾರಾದರೂ ತಪ್ಪು ಬರೆಯುತ್ತಾರೆಯೇ, ಮೇಲಾಗಿ ಶಿಕ್ಕಾ ಎಲ್ಲಿದೆ, ಇಂಥದ್ದಕ್ಕೆ ನಕಲು ತೆಗೆದರೆ ನನ್ನ ಕೈಗೇ ಅವಮಾನ ಎಂದ. ಶಿಕ್ಕಾ ಇಲ್ಲವೆಂಬುದು ಅವನು ಬಾಯಿಬಿಟ್ಟು ಹೇಳಿದ ಕಾರಣ. ಬರೆದ ಕೈ ಯಾರದೆಂಬುದೂ ಮನಸ್ಸಿನಲ್ಲಿತ್ತೋ ಏನೋ. ನಾನು ಕೇಳಲಿಲ್ಲ, ಆಗ ನನಗೆ ಅಷ್ಟು ಧೈರ್ಯವಿರಲಿಲ್ಲ. ಚೀಟಿಯನ್ನು ಮಡಚಿ ನನ್ನ ಪರ್ಸಿನಲ್ಲಿಟ್ಟುಕೊಂಡೆ.

ಬೆಂಗಳೂರಿಗೆ ಕಾಕಾನೇ ಕರೆದುಕೊಂಡು ಹೋದ. ಬಂದ ಕಾಗದದಲ್ಲಿ ಅಸಲು ದಾಖಲೆ ತರಬೇಕೆಂದು ಬರೆದೇ ಇತ್ತು. ಕಾಕಾನ ಲೆಕ್ಕದಲ್ಲಿ ಅದು ಮಾರ್ಕ್ಸ್ ಕಾರ್ಡಿಗೆ ಮಾತ್ರ. ಉಳಿದವಕ್ಕೆ ಅವನ ಖರೇ ನಕಲು, ಸಾಹೇಬರ ಸಹಿ ಇರುವಾಗ ಇನ್ನೇನು ಬೇಕು.

ಒಳಗೆ ಮೂವರು ಕೂತಿದ್ದರು. ನಡುವಿನವರು ಮಾರ್ಕ್ಸ್ ಕಾರ್ಡು ನೋಡಿ, ಫೈಲು ತಿರುವಿ, ಉಳಿದ ಸರ್ಟಿಫಿಕೇಟುಗಳ ಅಸಲು ಕೇಳಿದರು. ಊರಲ್ಲಿ ಟ್ರಂಕಿನೊಳಗಿವೆ ಎಂದೆ. ಅವರು ಫೈಲು ಮುಚ್ಚಿ ನನ್ನ ಕಡೆ ಸರಿಸಿದರು. ನಕಲನ್ನು ಎಣಿಕೆಗೆ ಹಿಡಿಯಲು ಬರುವುದಿಲ್ಲವೆಂದರು. ಪರೇಡು, ರಿಂಗ್ ಟೆನಿಸ್, ದ್ವಾರಪಾಲಕ, ಇಡೀ ವರ್ಷ ಅಷ್ಟರಲ್ಲಿ ಮುಗಿಯಿತು. ಗದಗಿನ ವರ ಕಣ್ಮುಂದೆ ಬಂದು ನಿಂತ. ಅಸಲು ಎನ್ನುವಂಥದ್ದು ಒಂದಾದರೂ ಇದೆಯೇ ಎಂದು ಅಂಚಿನಲ್ಲಿದ್ದ ವಯಸ್ಸಾದ ಡಾಕ್ಟರು ಕೇಳಿದರು. ಇದ್ದದ್ದು ಒಂದೇ. ಕಾಕಾ ಬೇಡವೆಂದಿದ್ದಕ್ಕೆ ಟ್ರಂಕು ಸೇರದೆ ಉಳಿದದ್ದು. ಪರ್ಸು ತೆಗೆದು ಕೊಟ್ಟೆ.

ಅವರು ಓದಿದರು, ಮತ್ತೊಮ್ಮೆ ಓದಿದರು. ಏನು ತಪ್ಪು ಮಾಡಿದೆ ಎಂದು ಕೇಳಿದರು. ಕೂಸು, ಪಟ್ಟಿ, ಗೋಪನಕೊಪ್ಪ, ಜೋಳದ ಹಿಟ್ಟು, ಎಲ್ಲ ಹೇಳಿದೆ. ಉಳಿದಿಬ್ಬರೂ ಪೆನ್ನು ಕೆಳಗಿಟ್ಟು ಕಿವಿಗೊಟ್ಟರು.

“ನೀನು ಹೋಗದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ಲವೇನಮ್ಮ?” ಎಂದರು ವಯಸ್ಸಾದವರು.

“ನನಗ ಗೊತ್ತಿತ್ತಲ್ರಿ,” ಎಂದೆ.

ಅವರು ಮರಳಿಸಿದ ಚೀಟಿ ಹಿಡಿದು ಹೊರಗೆ ಬಂದು ಕಾಕಾನಿಗೆ ನಡೆದದ್ದನ್ನು ಹೇಳಿದೆ. ಅಸಲು ಕೇಳಿದರು ಎಂಬಲ್ಲಿಗೆ ಬಂದಾಗ ಅವನು ಬೆಂಚಿನ ಮೇಲೆ ಕೂತುಬಿಟ್ಟ. ಇಪ್ಪತ್ತು ವರ್ಷದ ನಂಬಿಕೆ ಅದು. ಹುಡುಗಿಯ ಬಾಳನ್ನು ತಾನೇ ಕೀಲಿ ಹಾಕಿ ಬಂದೆನೆಂದು ಅವನ ಕಣ್ಣು ತುಂಬಿದವು. ಆ ಮನುಷ್ಯ ನನಗಾಗಿ ಗೆರೆ ಎಳೆದ ಒಂದೊಂದು ಮನೆಯೂ ನೆನಪಾಗಿ, ನನಗೆ ಅವನ ಮೇಲೆ ಸಿಟ್ಟು ಬರಲೇ ಇಲ್ಲ. ಚೀಟಿಯ ಸಂಗತಿ ಹೇಳಿದೆ. ಅವನು ಕೈ ಚಾಚಿ ಅದನ್ನು ಇಸಿದುಕೊಂಡು ರೈಲಿನಲ್ಲಿ ಹಾವೇರಿ ದಾಟುವವರೆಗೂ ಅಂಗಿಯ ಒಳಕಿಸೆಯಲ್ಲಿಟ್ಟು ಕೈ ಅಡ್ಡ ಹಿಡಿದುಕೊಂಡೇ ಇದ್ದ. ಮನೆಗೆ ಬಂದ ದಿನವೇ ಅದರ ನಕಲು ಬರೆದ, ತಪ್ಪಿನ ಸಾಲನ್ನೂ ಬಿಡದೆ. ಅಸಲನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಕೀಲಿ ಹಾಕಿದ.

ತಿಂಗಳ ಮೇಲೆ ಸೀಟು ಸಿಕ್ಕವರ ಯಾದಿ ಬಂತು. ಕೊನೆಗಿಂತ ಸ್ವಲ್ಪ ಮೇಲೆ ನನ್ನ ಹೆಸರಿತ್ತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮರು ರವಿವಾರ ಕಂಪೌಂಡರರಿಗೆ ಸುದ್ದಿ ಹೇಳಲು ಹೋದೆ. ಸಾಲು ಉದ್ದವಿತ್ತು. ಅದರ ನಡುವೆ, ಇಸ್ತ್ರಿ ಮಾಡಿದ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ತೊಳೆದ ಖಾಲಿ ಬಾಟಲಿ ಹಿಡಿದು ನಿಂತಿದ್ದವನು ನಮ್ಮ ಕಾಕಾ. ನನ್ನನ್ನು ನೋಡಿಯೂ ನೋಡದವನಂತೆ ಇದ್ದ. ಅವನ ಪಾಳಿ ಬಂದಾಗ ಕೆಮ್ಮು ಎಂದ. ಕಂಪೌಂಡರರು ಔಷಧ ಬೆರೆಸಿ, ಗಡಿಗೆಯ ನೀರು ಹಾಕಿ ಕಲಕಿ, ಆರು ಕಚ್ಚಿನ ಪಟ್ಟಿ ಅಂಟಿಸಿ ಕೊಟ್ಟರು. ಕಾಕಾ ಮನೆಗೆ ಒಯ್ಯಲಿಲ್ಲ. ಎಲ್ಲರ ಎದುರಿಗೆ, ಅಲ್ಲೇ ನಿಂತು, ಬೂಚು ತೆಗೆದು ಮೊದಲನೆಯ ಕಚ್ಚಿನವರೆಗೆ ಕುಡಿದ.

“ನಮ್ಮ ಹುಡುಗಿಗೆ ಛಲೋ ಕಲಿಸಿದ್ರಿ,” ಎಂದ ಕಂಪೌಂಡರರಿಗೆ.

ಕಾಕಾನಿಗೆ ಕೆಮ್ಮು ಇರಲೇ ಇಲ್ಲ.